ಚೊಚ್ಚಲಿಗೆ ಮೊದಲು ಕಾಪರ್-ಟಿ ಹಾಕಿಸಿಕೊಳ್ಳಬಹುದೇ?

ಓದುಗರ ಪ್ರಶ್ನೆ, ಸ್ತ್ರೀರೋಗ ತಜ್ಞೆಯ ಉತ್ತರ

ಪ್ರಶ್ನೆ: ನನಗೆ 25 ವರ್ಷ, ಮದುವೆಯಾಗಿ 14 ತಿಂಗಳಾಯಿತು. ಉಡುಪಿಯಲ್ಲಿ ಅತ್ತೆ ಮಾವನವರ ಜೊತೆಗಿದ್ದೇವೆ. ಮಣಿಪಾಲದಲ್ಲಿ ಕೆಲಸ ಮಾಡಿಕೊಂಡೇ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಇನ್ನು ಮೂರು ವರ್ಷ ಮಗು ಬೇಡವೆಂದು ನಾನೂ ನನ್ನ ಗಂಡನೂ ಸೇರಿಯೇ ನಿರ್ಧರಿಸಿದ್ದೇವೆ. ಗರ್ಭನಿರೋಧಕ ಮಾತ್ರೆ ಶುರು ಮಾಡಿದ ಮೇಲೆ ನನಗೆ ಮೊದಲೇ ಇದ್ದ ಅರೆತಲೆನೋವು ಹೆಚ್ಚಾಯಿತು. ನೋವು ಬರುವ ಮುಂಚೆ ಕಣ್ಣೆದುರು ಅಂಕುಡೊಂಕಾದ ಬೆಳಕು ಮಿನುಗುತ್ತದೆ. ಕಾಪರ್-ಟಿ ಹಾಕಿಸಿಕೊಳ್ಳೋಣವೆಂದು ಒಂದು ಕ್ಲಿನಿಕ್ಕಿಗೆ ಹೋದರೆ, ಪರೀಕ್ಷೆಯನ್ನೂ ಮಾಡದೆ, ‘ಮೊದಲು ಒಂದು ಮಗು ಆಗಲಿ, ಮತ್ತೆ ನೋಡುವ’ ಎಂದು ಕಳುಹಿಸಿದರು. ನಮ್ಮ ಅತ್ತೆ, ತಮ್ಮ ತವರಿನ ನೆರೆಮನೆಯ ಸೊಸೆ ಲೂಪ್ ಹಾಕಿಸಿಕೊಂಡು ಆಮೇಲೆ ಮಕ್ಕಳೇ ಆಗಲಿಲ್ಲ ಎನ್ನುತ್ತಾರೆ. ಹೆರಿಗೆಯಾಗದ ಗರ್ಭಕೋಶಕ್ಕೆ ಇದರಿಂದ ನಿಜವಾಗಿ ಹಾನಿಯಿದೆಯೇ?

ಉತ್ತರ: ನೀವು ಹಾಕಿಸಿಕೊಳ್ಳಬಹುದು. ಮಗುವಾಗಿಲ್ಲ ಎಂಬ ಒಂದೇ ಕಾರಣಕ್ಕೆ ಕಾಪರ್-ಟಿ ನಿರಾಕರಿಸಲು ಇಂದಿನ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಯಾವ ಗರ್ಭನಿರೋಧಕ ಯಾರಿಗೆ ಹೊಂದುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ನಾಲ್ಕು ವರ್ಗಗಳಾಗಿ ವಿಂಗಡಿಸಿದೆ. ಮೊದಲನೆಯದೆಂದರೆ ಯಾವ ಅಡ್ಡಿಯೂ ಇಲ್ಲ, ನಾಲ್ಕನೆಯದೆಂದರೆ ಕೊಡಲೇಬಾರದು. ಹೆರಿಗೆಯಾಗದ ಹೆಣ್ಣಿಗೆ ಕಾಪರ್-ಟಿ ಎರಡನೆಯ ವರ್ಗದಲ್ಲಿದೆ, ಅಂದರೆ ತೊಂದರೆಗಿಂತ ಪ್ರಯೋಜನವೇ ಹೆಚ್ಚು. 20 ವರ್ಷ ತುಂಬದವರಿಗೂ ಅದೇ ಎರಡನೆಯ ವರ್ಗ. ಮೊದಲನೆಯದರಲ್ಲಿ ಇಡದಿರುವುದಕ್ಕೆ ಮುಖ್ಯ ಕಾರಣ, ಇಂಥವರಲ್ಲಿ ಅದು ತಾನಾಗಿ ಜಾರಿ ಹೊರಬರುವ ಸಂಭವ ಸ್ವಲ್ಪ ಹೆಚ್ಚಿರುವುದು. ಗರ್ಭಕೋಶ ಕೆಡುತ್ತದೆ ಎಂಬ ಭಯವಲ್ಲ.

ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರ ಕಾಲದ ಭಯಕ್ಕೆ ಕಾರಣವಿತ್ತು. ನಮ್ಮ ದೇಶದ ಕುಟುಂಬ ಯೋಜನೆಗೆ 1965ರಲ್ಲಿ ಬಂದದ್ದು ಲಿಪ್ಪೀಸ್ ಲೂಪ್ ಎಂಬ ತಾಮ್ರವಿಲ್ಲದ, ಹಾವಿನಂತೆ ಸುರುಳಿಯಾದ ಪ್ಲಾಸ್ಟಿಕ್ ಸಾಧನ. ಹಾಕಿದ ಮೇಲೆ ರಕ್ತಸ್ರಾವವಾದರೆ, ನೋವಾದರೆ ಕೇಳುವವರಿಲ್ಲದೆ ಎಷ್ಟೋ ಹೆಂಗಸರು ಬಳಲಿದರು. ಆ ಸಾಧನ ಹೋಗಿ ದಶಕಗಳಾದರೂ ‘ಲೂಪ್’ ಎಂಬ ಹೆಸರೂ ಅದರ ಜೊತೆಗಿನ ಹೆದರಿಕೆಯೂ ಉಳಿದುಕೊಂಡವು. ಆಮೇಲೆ ಅಮೆರಿಕದಲ್ಲಿ 1971ರಿಂದ ಮಾರಾಟವಾದ ಡಾಲ್ಕನ್ ಶೀಲ್ಡ್ ಎಂಬ ಇನ್ನೊಂದು ಸಾಧನ ಬಂತು. ಬೇಕಾದಾಗ ಎಳೆದು ತೆಗೆಯಲೆಂದು ಇಂಥ ಸಾಧನಗಳಿಗೆ ಯೋನಿಯೊಳಕ್ಕೆ ಇಳಿಬಿಟ್ಟ ದಾರವಿರುತ್ತದೆ; ಇದರ ದಾರ ನೂರಾರು ಸಣ್ಣ ಎಳೆಗಳನ್ನು ಸೇರಿಸಿ ಮಾಡಿದ್ದಾಗಿತ್ತು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ ಆ ದಾರ ಯೋನಿಯಲ್ಲಿದ್ದ ರೋಗಾಣುಗಳನ್ನು ಗರ್ಭಕೋಶದೊಳಕ್ಕೆ ಎಳೆದುಕೊಂಡಿತು. ಹಲವರಿಗೆ ತೀವ್ರ ಸೋಂಕಾಗಿ 1974ರಲ್ಲಿ ಅದರ ಮಾರಾಟ ನಿಂತಿತು. ಇಂದಿನ ಕಾಪರ್-ಟಿಯ ದಾರ ಒಂದೇ ಎಳೆಯದು, ನಮ್ಮ ಕರಾವಳಿಯ ಮನೆಗಳಲ್ಲಿ ಎಲ್ಲರೂ ಕಂಡಿರುವ ಗಾಳದ ನೈಲಾನ್ ದಾರದಂಥದ್ದು. ಅದರಲ್ಲಿ ನೀರು ಏರುವುದಕ್ಕೆ ಸಂದಿಲ್ಲ.

ವೈದ್ಯರಲ್ಲೂ ಆ ಭಯ ಬಹುಕಾಲ ಉಳಿಯಿತು. ಅಮೆರಿಕದಲ್ಲಿ ಕಾಪರ್-ಟಿ 380ಎ ಜೊತೆಗಿರುವ ಸೂಚನಾ ಪತ್ರದಲ್ಲಿ ಕನಿಷ್ಠ ಒಂದು ಮಗುವಾದವರಿಗೆ ಎಂಬ ಮಾತು 2005ರವರೆಗೂ ಇತ್ತು. ನಾನು ಓದುವಾಗಲೂ ಕಲಿಸಿದ್ದು ಅದನ್ನೇ. ವೃತ್ತಿಯ ಮೊದಲ ವರ್ಷಗಳಲ್ಲಿ ನಿಮ್ಮಂಥ ಕೆಲವರನ್ನು ನಾನೂ ಹಿಂದಕ್ಕೆ ಕಳುಹಿಸಿದ್ದೇನೆ. ಅದರಲ್ಲಿ ಒಬ್ಬಳು ಐದು ತಿಂಗಳ ನಂತರ, ಬೇಡವಾಗಿದ್ದ ಬಸಿರು ಹೊತ್ತು, ಪರೀಕ್ಷೆಯ ಹಾಲ್ ಟಿಕೆಟ್ಟನ್ನು ಕೈಯಲ್ಲಿ ಮಡಚಿ ಹಿಡಿದುಕೊಂಡು ನನ್ನೆದುರು ಬಂದು ಕುಳಿತದ್ದು ಇವತ್ತಿಗೂ ಕಣ್ಣ ಮುಂದಿದೆ. ನಿಮ್ಮನ್ನು ಪರೀಕ್ಷಿಸದೆಯೇ ಕಳುಹಿಸಿದ್ದು ಸರಿಯಲ್ಲ ಎಂದು ನಾನು ಬರೆಯುತ್ತಿರುವುದು ಆ ನೆನಪಿನಿಂದಲೂ ಹೌದು.

ಲೂಪ್ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ ಎನ್ನುವವರ ಭಯ ‘ಟ್ಯೂಬ್ ಬ್ಲಾಕ್’, ಅಂದರೆ ಅಂಡನಾಳ ಮುಚ್ಚಿಹೋಗುವುದು. ಹಾಗಾದರೆ ಅದು ಎಲ್ಲಿಂದ ಬರುತ್ತದೆ? ಬಹುಪಾಲು ಸಂದರ್ಭಗಳಲ್ಲಿ ಅದಕ್ಕೆ ಕಾರಣ ಕ್ಲಮೀಡಿಯಾ, ಗೊನೊರಿಯಾದಂಥ ಲೈಂಗಿಕ ಸೋಂಕು. ನಮ್ಮ ದೇಶದಲ್ಲಿ ಜನನಾಂಗದ ಕ್ಷಯವೂ ಒಂದು ಮುಖ್ಯ ಕಾರಣ. ಕ್ಲಮೀಡಿಯಾ ಎಷ್ಟೋ ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರದೆ ಒಳಗೊಳಗೇ ಅಂಡನಾಳವನ್ನು ಹಾಳುಮಾಡಬಲ್ಲುದು. ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಒಂದು ಅಧ್ಯಯನ ಮೆಕ್ಸಿಕೊ ನಗರದಲ್ಲಿ ನಡೆದು 2001ರಲ್ಲಿ ಪ್ರಕಟವಾಯಿತು. ಹಿಂದೆ ಒಮ್ಮೆಯೂ ಗರ್ಭ ಧರಿಸದೆ ಬಂಜೆತನದ ಚಿಕಿತ್ಸೆಗೆ ಬಂದವರು ಮತ್ತು ಮೊದಲ ಬಾರಿಗೆ ಬಸಿರಾದವರು ಸೇರಿ 1,895 ಹೆಂಗಸರು ಅದರಲ್ಲಿದ್ದರು. ಟ್ಯೂಬ್ ಮುಚ್ಚಿಹೋದವರಲ್ಲಿ ಹಿಂದೆ ಕಾಪರ್ ಸಾಧನ ಬಳಸಿದವರ ಪ್ರಮಾಣ ಉಳಿದವರಿಗಿಂತ ಹೆಚ್ಚಿರಲಿಲ್ಲ. ಹೆಚ್ಚಿದ್ದದ್ದು ಕ್ಲಮೀಡಿಯಾ ಬಂದುಹೋದ ಗುರುತಾದ ಪ್ರತಿಕಾಯಗಳು. ನಿಮ್ಮ ಅತ್ತೆಯವರ ನೆರೆಮನೆಯ ಆ ಸೊಸೆಗೆ ಏನಾಗಿತ್ತೆಂದು ಇಲ್ಲಿ ಕುಳಿತು ನಾನು ಹೇಳಲಾರೆ. ಆದರೆ ದೂರನ್ನೆಲ್ಲ ಲೂಪಿನ ಮೇಲೆ ಹೊರಿಸುವ ಮೊದಲು ಆಕೆಗೂ ಆಕೆಯ ಗಂಡನಿಗೂ ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಿಸಿದ್ದರೇ ಎಂದು ಕೇಳಬೇಕಾಗುತ್ತದೆ.

ಸೋಂಕಿನ ಭಯ ಸಂಪೂರ್ಣ ಸುಳ್ಳೆಂದೂ ಹೇಳಬಾರದು. ಹಾಕಿದ ಮೊದಲ ಮೂರು ವಾರಗಳಲ್ಲಿ ಗರ್ಭಕೋಶದ ಸೋಂಕಿನ ಸಂಭವ ಸ್ವಲ್ಪ ಹೆಚ್ಚಿರುತ್ತದೆ, ಆಮೇಲೆ ಅದು ಉಳಿದ ಹೆಂಗಸರ ಮಟ್ಟಕ್ಕೇ ಇಳಿಯುತ್ತದೆ. ಮೊದಲೇ ಇದ್ದ ಸೋಂಕು ಹಾಕುವಾಗ ಮೇಲಕ್ಕೆ ಹೋಗುವುದೇ ಇದಕ್ಕೆ ಕಾರಣ. ಆದ್ದರಿಂದ ದುರ್ವಾಸನೆಯ ಅಥವಾ ಕೀವಿನಂಥ ಬಿಳಿಸ್ರಾವ, ಕೆಳಹೊಟ್ಟೆಯ ನೋವು, ಸಂಭೋಗದ ನಂತರ ರಕ್ತ ಕಾಣುವುದು ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡದೆ ಹೇಳಿ. ಮೊದಲು ಚಿಕಿತ್ಸೆ, ನಂತರ ಕಾಪರ್-ಟಿ. ಗರ್ಭಿಣಿಯಾಗಿರುವ ಅನುಮಾನ, ಕಾರಣ ತಿಳಿಯದ ರಕ್ತಸ್ರಾವ, ಗರ್ಭಕೋಶದ ಒಳಜಾಗದ ಆಕಾರವನ್ನೇ ಕೆಡಿಸಿದ ಗಡ್ಡೆ, ದೇಹದಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ ಇದ್ದವರಿಗೂ ಇದು ಬೇಡ.

ನಿಮ್ಮ ಅರೆತಲೆನೋವಿನ ವಿಷಯ ಇದಕ್ಕಿಂತ ತುರ್ತಿನದು. ಕಣ್ಣೆದುರು ಬೆಳಕು ಮಿನುಗಿ ಬರುವ ಅರೆತಲೆನೋವು ಇರುವವರು ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆ ನುಂಗಬಾರದು. ಚಿಕ್ಕ ವಯಸ್ಸಿನಲ್ಲೂ ಮೆದುಳಿನ ಪಾರ್ಶ್ವವಾಯುವಿನ ಅಪಾಯ ಅದರಿಂದ ಹೆಚ್ಚುತ್ತದೆ. ಹೇಳಿದೆನಲ್ಲ, ಕೊಡಲೇಬಾರದ ನಾಲ್ಕನೆಯ ವರ್ಗ, ಅದರಲ್ಲಿರುವುದು ಇದು. ಈಗಲೂ ಆ ಮಾತ್ರೆ ನುಂಗುತ್ತಿದ್ದರೆ ಇಂದೇ ನಿಲ್ಲಿಸಿ, ಬೇರೆ ವ್ಯವಸ್ಥೆಯಾಗುವವರೆಗೆ ಕಾಂಡೋಮ್ ಬಳಸಿ. ಕಾಪರ್-ಟಿಯಲ್ಲಿ ಹಾರ್ಮೋನ್ ಇಲ್ಲವೇ ಇಲ್ಲವಾದ್ದರಿಂದ ನಿಮ್ಮ ತಲೆನೋವಿಗೂ ಅದಕ್ಕೂ ಸಂಬಂಧವಿಲ್ಲ. ನಿಮಗೆ ಅದನ್ನೇ ಒಪ್ಪಿ ಹೇಳಲು ನನಗೆ ಇದು ದೊಡ್ಡ ಕಾರಣ.

ಈಗ ಆ ವಸ್ತುವಿನ ಬಗ್ಗೆ. ನನ್ನ ಮೇಜಿನ ಡ್ರಾಯರಿನಲ್ಲಿ ತೋರಿಸುವುದಕ್ಕೆಂದೇ ಒಂದು ಕಾಪರ್-ಟಿ ಇಟ್ಟಿರುತ್ತೇನೆ. ಕೈಗಿಟ್ಟಾಗ ಬಹಳ ಜನ ‘ಇಷ್ಟೇನಾ?’ ಎನ್ನುತ್ತಾರೆ. 36 ಮಿ.ಮೀ. ಉದ್ದ, 32 ಮಿ.ಮೀ. ಅಗಲ, ಹೆಚ್ಚುಕಡಿಮೆ ಹೆಬ್ಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗಿನ ಅಳತೆ. ಬಿಳಿ ಪ್ಲಾಸ್ಟಿಕ್ಕಿನ ದಂಟಿಗೆ ಕೆಂಪಗೆ ಹೊಳೆಯುವ ತಾಮ್ರದ ತಂತಿ ಸುತ್ತಿರುತ್ತದೆ, ಎರಡು ತೋಳುಗಳಿಗೆ ತಾಮ್ರದ ಪುಟ್ಟ ಬಳೆಗಳಿರುತ್ತವೆ. ಆರೋಗ್ಯ ಇಲಾಖೆಯ ಕನ್ನಡದಲ್ಲಿ ಇದನ್ನು ತೋಳಿನ ಒಡವೆಯ ಹೆಸರಿನಲ್ಲಿ ‘ವಂಕಿ’ ಎಂದು ಕರೆದದ್ದು ನನಗೆ ಇಷ್ಟ. 380 ಎಂದರೆ ಆ ತಾಮ್ರದ ಮೇಲ್ಮೈ 380 ಚದರ ಮಿಲಿಮೀಟರ್. ಹಾಕುವಾಗ ತೋಳುಗಳು ಮಡಚಿಕೊಂಡು ನಾಲ್ಕೈದು ಮಿ.ಮೀ. ದಪ್ಪದ ಕೊಳವೆಯೊಳಗೆ ಹೋಗುತ್ತವೆ. ಒಳಗೆ ಬಿಟ್ಟ ಮೇಲೆ ಮತ್ತೆ ಚಾಚಿಕೊಳ್ಳುತ್ತವೆ. ತಾಮ್ರದ ಅಯಾನುಗಳು ವೀರ್ಯಾಣುಗಳ ಚಲನೆಯನ್ನು ಕುಂದಿಸಿ, ಅಂಡಾಣುವಿನ ಜೊತೆ ಸೇರದಂತೆ ತಡೆಯುತ್ತವೆ. ಬಸಿರಾದ ಮೇಲೆ ಅದನ್ನು ಇಳಿಸುವ ಸಾಧನ ಇದಲ್ಲ.

ಹೆರಿಗೆಯಾಗದವರಲ್ಲಿ ವ್ಯತ್ಯಾಸ ಇರುವುದು ಗರ್ಭಕೋಶದ ಬಾಯಿಯಲ್ಲಿ. ಸಹಜ ಹೆರಿಗೆಯಾದವರಲ್ಲಿ ಅದು ಅಡ್ಡ ಗೀರಿನಂತಿರುತ್ತದೆ. ಆಗದವರಲ್ಲಿ ಸಣ್ಣ, ದುಂಡಗಿನ ರಂಧ್ರ. ಆದ್ದರಿಂದ ಹಾಕುವಾಗ ನೋವು ಹೆಚ್ಚಾಗಬಹುದು. ಆದರೆ ಒಂದು ಮಾತು ಯೋಚಿಸಿ ನೋಡಿ: ಹೆರಿಗೆ ನೋವು ಶುರುವಾಗುವ ಮೊದಲೇ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿಸಿಕೊಂಡ ತಾಯಿಯ ಗರ್ಭಕಂಠವೂ ಬಹುತೇಕ ನಿಮ್ಮದರಂತೆಯೇ ಇರುತ್ತದೆ. ಆಕೆಗೆ ಕಾಪರ್-ಟಿ ಹಾಕಲು ಯಾರೂ ಹಿಂಜರಿಯುವುದಿಲ್ಲ. ಹಾಗಿರುವಾಗ ನಿಮಗೆ ‘ಆಗುವುದೇ ಇಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ.

ನೋವಿನ ಬಗ್ಗೆ ಮುಚ್ಚಿಡದೆ ಹೇಳುತ್ತೇನೆ, ಏಕೆಂದರೆ ‘ಇರುವೆ ಕಚ್ಚಿದ ಹಾಗೆ’ ಎಂದು ಕೇಳಿಕೊಂಡು ಬಂದವರು ಮಂಚದ ಮೇಲೆ ಮೋಸಹೋದೆವೆಂದುಕೊಳ್ಳುತ್ತಾರೆ. ಗರ್ಭಕಂಠವನ್ನು ಇಕ್ಕಳದಿಂದ ಹಿಡಿದಾಗ ಒಮ್ಮೆ, ಸಲಾಕೆಯಿಂದ ಒಳಗಿನ ಉದ್ದ ಅಳೆದಾಗ ಒಮ್ಮೆ, ಕೊಳವೆ ಒಳಹೋದಾಗ ಒಮ್ಮೆ, ಹೀಗೆ ಮೂರು ಸಲ ನೋಯುತ್ತದೆ. ಪ್ರತಿಸಲವೂ ಕೆಲವೇ ಸೆಕೆಂಡು. ಕೆಲವರಿಗೆ ಮುಟ್ಟಿನ ಹೊಟ್ಟೆನೋವಿನಷ್ಟು, ಕೆಲವರಿಗೆ ಅದಕ್ಕಿಂತ ಬಹಳ ಹೆಚ್ಚು. ಗರ್ಭಕಂಠದ ಸುತ್ತ ಲಿಡೊಕೇನ್ ಇಂಜೆಕ್ಷನ್ ಕೊಟ್ಟು ನೋವು ತಗ್ಗಿಸಬಹುದು. ಅದು ಬೇಕೆಂದು ಮೊದಲೇ ಕೇಳಿ. ಕೇಳುವುದು ನಿಮ್ಮ ಹಕ್ಕು, ನಾಜೂಕುತನವಲ್ಲ. ಖಾಲಿ ಹೊಟ್ಟೆಯಲ್ಲಿ ಬರಬೇಡಿ. ತಲೆಸುತ್ತು, ಬೆವರು ಬರುವುದುಂಟು, ಆದ್ದರಿಂದ ಆದ ಮೇಲೆ ಹತ್ತು ಹದಿನೈದು ನಿಮಿಷ ಮಲಗಿರಿ, ಸ್ಕೂಟರ್ ಬಿಟ್ಟು ಯಾರಾದರೂ ಜೊತೆಗೆ ಬರುವಂತೆ ನೋಡಿಕೊಳ್ಳಿ. ಎಲ್ಲಿಯಾದರೂ ಸಹಿಸಲಾಗದಿದ್ದರೆ ‘ನಿಲ್ಲಿಸಿ’ ಎಂದರೆ ನಿಲ್ಲಿಸಲೇಬೇಕು.

ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಹೆಚ್ಚು ಹೋಗಬಹುದು, ಹೊಟ್ಟೆನೋವೂ ಹೆಚ್ಚಿರಬಹುದು, ಬಳಿಕ ಬಹುತೇಕರಿಗೆ ತಹಬಂದಿಗೆ ಬರುತ್ತದೆ. ಮೊದಲ ವರ್ಷದಲ್ಲಿ ಸುಮಾರು 20 ಜನರಲ್ಲಿ ಒಬ್ಬರಿಗೆ ಅದು ಜಾರಿ ಹೊರಬರುತ್ತದೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಮುಟ್ಟಿನ ಸಮಯದಲ್ಲಿ. ಹಾಗಾಗಿ ಪ್ರತಿ ಮುಟ್ಟು ಮುಗಿದ ಮೇಲೆ ಕೈ ತೊಳೆದುಕೊಂಡು ಬೆರಳಿನಿಂದ ದಾರ ಮುಟ್ಟಿ ನೋಡಿಕೊಳ್ಳಿ. ದಾರ ಸಿಗದಿದ್ದರೆ, ಗಟ್ಟಿ ಪ್ಲಾಸ್ಟಿಕ್ ತಾಗಿದರೆ, ಜ್ವರದ ಜೊತೆ ಕೆಳಹೊಟ್ಟೆ ನೋವು ಬಂದರೆ ತಡಮಾಡದೆ ತೋರಿಸಿ. ಮುಟ್ಟು ತಪ್ಪಿದರಂತೂ ಅಂದೇ ಪರೀಕ್ಷೆ ಮಾಡಿಸಿ. ಕಾಪರ್-ಟಿ ಇದ್ದಾಗ ಬಸಿರಾಗುವುದು ಬಹಳ ಅಪರೂಪವಾದರೂ ಆದರೆ ಅದು ಟ್ಯೂಬಿನಲ್ಲಿ ನಿಂತಿರುವ ಸಂಭವ ಹೆಚ್ಚು. ಗರ್ಭಕೋಶದ ಗೋಡೆಗೆ ತೂತಾಗುವುದು ಸುಮಾರು ಸಾವಿರದಲ್ಲಿ ಒಬ್ಬರಿಗೆ. ಇದಕ್ಕಾಗಿಯೇ ಅನುಭವವಿರುವವರ ಕೈಯಲ್ಲಿ ಹಾಕಿಸಿಕೊಳ್ಳಿ, ನಾಲ್ಕರಿಂದ ಆರು ವಾರದೊಳಗೆ ಒಮ್ಮೆ ಮತ್ತೆ ತೋರಿಸಿ.

ಮೂರು ವರ್ಷ ಕಳೆದು ಮಗು ಬೇಕೆನಿಸಿದಾಗ ದಾರ ಹಿಡಿದು ಎಳೆದು ತೆಗೆಯಲು ಒಂದು ನಿಮಿಷ ಸಾಕು. ಮುಂದಿನ ತಿಂಗಳೇ ಬಸಿರು ನಿಲ್ಲಬಹುದು. ‘ಗರ್ಭಕೋಶ ಒಣಗಲು’ ಕಾಯಬೇಕಿಲ್ಲ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಓದುತ್ತಿರುವ 22 ವರ್ಷದ ವಿದ್ಯಾರ್ಥಿನಿ, ಮದುವೆಯಾಗಿಲ್ಲ. ಆಸ್ಪತ್ರೆಯಲ್ಲಿ ಗಂಡನ ಅಥವಾ ಅಪ್ಪ ಅಮ್ಮನ ಸಹಿ ಕೇಳುತ್ತಾರೆಯೇ? ಕಾಪರ್-ಟಿ ಇದ್ದರೆ ಕಾಂಡೋಮ್ ಬೇಕಿಲ್ಲವೇ? ನಾನು ಮುಟ್ಟಿನ ಕಪ್ ಬಳಸುತ್ತೇನೆ, ಅದರಿಂದ ತೊಂದರೆಯೇ?

ಉತ್ತರ: ನಿಮಗೆ 18 ತುಂಬಿದೆ, ನಿಮ್ಮ ಒಪ್ಪಿಗೆ ಸಾಕು. ಗಂಡನದಾಗಲಿ ತಂದೆತಾಯಿಯದಾಗಲಿ ಸಹಿ ಬೇಕಿಲ್ಲ, ಮತ್ತು ನೀವು ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಹೊರಗಿನ ಕೌಂಟರಿನಲ್ಲಿ ನಾಲ್ಕು ಜನರೆದುರು ‘ಗಂಡನ ಹೆಸರು?’ ಎಂದು ಗಟ್ಟಿಯಾಗಿ ಕೇಳುವ ರೂಢಿ ನಮ್ಮಲ್ಲಿ ಇನ್ನೂ ಇದೆ ಎಂಬುದು ನನಗೆ ನೋವಿನ ವಿಷಯ. ಹಾಗೆ ಕೇಳಿದರೆ ‘ಡಾಕ್ಟರ ಹತ್ತಿರ ಹೇಳುತ್ತೇನೆ’ ಎಂದಷ್ಟೇ ಹೇಳಿ ಒಳಗೆ ಬನ್ನಿ.

ಕಾಂಡೋಮ್ ಬೇಕು. ಕಾಪರ್-ಟಿ ಬಸಿರನ್ನು ತಡೆಯುತ್ತದೆ, ಸೋಂಕನ್ನಲ್ಲ, ಮತ್ತು ಮುಂದೆ ನಿಮ್ಮ ಟ್ಯೂಬನ್ನು ಕಾಪಾಡುವುದು ಕಾಂಡೋಮ್. ಆದರೆ ಬಸಿರು ತಡೆಯಲು ಕಾಂಡೋಮ್ ಒಂದನ್ನೇ ನೆಚ್ಚಿದ ನೂರು ಹೆಂಗಸರಲ್ಲಿ, ದಿನನಿತ್ಯದ ಬಳಕೆಯಲ್ಲಿ ಆಗುವ ಮರೆವು ತಪ್ಪುಗಳೆಲ್ಲ ಸೇರಿ, ವರ್ಷಕ್ಕೆ ಸುಮಾರು 13 ಜನ ಬಸಿರಾಗುತ್ತಾರೆ. ಮಾತ್ರೆಯಲ್ಲಿ ಸುಮಾರು 7. ಕಾಪರ್-ಟಿಯಲ್ಲಿ ಒಬ್ಬರಿಗಿಂತ ಕಡಿಮೆ. ಎರಡನ್ನೂ ಒಟ್ಟಿಗೆ ಬಳಸುವುದು ಹೆಚ್ಚಿನ ಕಾಳಜಿಯೇನಲ್ಲ.

ಕಪ್ ಬಳಸಬಹುದು, ಆದರೆ ಎಳೆದು ತೆಗೆಯುವಾಗ ಅದರ ಹೀರುವಿಕೆಯಿಂದ ಕಾಪರ್-ಟಿ ಕೂಡ ಜಾರಬಹುದು. ಕಪ್ಪಿನ ಬುಡವನ್ನು ಬೆರಳಲ್ಲಿ ಅಮುಕಿ ಗಾಳಿ ಬಿಡಿಸಿಕೊಂಡೇ ತೆಗೆಯಿರಿ. ನೀವು ಕಪ್ ಬಳಸುವುದನ್ನು ಹಾಕುವ ವೈದ್ಯರಿಗೆ ಹೇಳಿದರೆ ದಾರವನ್ನು ಇನ್ನಷ್ಟು ಚಿಕ್ಕದಾಗಿ ಕತ್ತರಿಸುತ್ತಾರೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಹತ್ತು ವರ್ಷ ಕೆಲಸ ಮಾಡುವ ಕಾಪರ್-ಟಿ 380ಎ ಮತ್ತು ಐದು ವರ್ಷದ 375 ಎಂಬ ಇನ್ನೊಂದು ತಾಮ್ರದ ಸಾಧನ ಎರಡೂ ಉಚಿತ. ಮಂಗಳೂರಿನಲ್ಲಿ ಲೇಡಿಗೋಷನ್ ಆಸ್ಪತ್ರೆಯ ಓಪಿಡಿಯಲ್ಲಿ ವಿಚಾರಿಸಬಹುದು.

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ನನಗೆ 27 ವರ್ಷ. ಗಂಡ ದುಬೈಯಲ್ಲಿದ್ದಾರೆ, ವರ್ಷಕ್ಕೊಮ್ಮೆ 40 ದಿನ ರಜೆಯಲ್ಲಿ ಬರುತ್ತಾರೆ. ಮನೆಯ ಸಾಲ ತೀರುವವರೆಗೆ, ಅಂದರೆ ಎರಡು ವರ್ಷ ಮಗು ಬೇಡವೆಂದಿದ್ದೇವೆ. ಕಳೆದ ರಜೆಯಲ್ಲಿ ಐದು ಸಲ ತುರ್ತು ಮಾತ್ರೆ ನುಂಗಿದೆ, ಮುಟ್ಟು ಏರುಪೇರಾಯಿತು. ನನಗೆ ಮುಟ್ಟು ಮೊದಲೇ ಹೆಚ್ಚು, ಹಿಮೋಗ್ಲೋಬಿನ್ 9 ಇದೆ. ಎರಡು ವರ್ಷಕ್ಕಾಗಿ ಹತ್ತು ವರ್ಷದ ಕಾಪರ್-ಟಿ ಹಾಕಿಸಬೇಕೇ?

ಉತ್ತರ: ಹತ್ತು ವರ್ಷ ಎಂಬುದು ಅದು ಕೆಲಸ ಮಾಡುವ ಗರಿಷ್ಠ ಅವಧಿ, ಇಟ್ಟುಕೊಳ್ಳಲೇಬೇಕಾದ ಅವಧಿಯಲ್ಲ. ಎರಡು ವರ್ಷಕ್ಕೆ ತೆಗೆಸಿದರೂ ನಷ್ಟವಿಲ್ಲ. ಆದರೆ ನಿಮಗೆ ನಾನು ಮೊದಲು ಹೇಳುವುದು ಕಾಪರ್-ಟಿ ಅಲ್ಲ. ಈಗಾಗಲೇ ರಕ್ತ ಕಡಿಮೆಯಿದ್ದು ಮುಟ್ಟೂ ಹೆಚ್ಚಿರುವಾಗ ತಾಮ್ರದ ಸಾಧನ ಅದನ್ನು ಇನ್ನೂ ಹೆಚ್ಚಿಸಬಹುದು. ಇದೇ ಟಿ ಆಕಾರದ, ತಾಮ್ರದ ಬದಲು ಲೆವೊನೊರ್ಜೆಸ್ಟ್ರೆಲ್ ಎಂಬ ಹಾರ್ಮೋನನ್ನು ಗರ್ಭಕೋಶದೊಳಗೇ ಸ್ವಲ್ಪಸ್ವಲ್ಪವಾಗಿ ಬಿಡುವ ಸಾಧನವಿದೆ. ಅದು ಮುಟ್ಟನ್ನು ಬಹಳ ಕಡಿಮೆ ಮಾಡುತ್ತದೆ. ವರ್ಷ ಕಳೆಯುವಷ್ಟರಲ್ಲಿ ಐವರಲ್ಲಿ ಒಬ್ಬರಿಗೆ ಮುಟ್ಟು ನಿಂತೇ ಹೋಗುತ್ತದೆ. ಅದರಿಂದ ಕೆಟ್ಟ ರಕ್ತ ಒಳಗೆ ಉಳಿಯುವುದಿಲ್ಲ. ಒಳಪದರ ತೆಳ್ಳಗಾಗಿ ಹೊರಹೋಗಲು ರಕ್ತವೇ ಇರುವುದಿಲ್ಲ. ಖಾಸಗಿಯಲ್ಲಿ ಇದು ದುಬಾರಿ ಎಂಬುದು ನಿಜ. ಆದರೆ ನಿಮ್ಮ ವಿಷಯದಲ್ಲಿ ಅದು ಗರ್ಭನಿರೋಧಕವೂ ಹೌದು, ರಕ್ತಸ್ರಾವದ ಔಷಧವೂ ಹೌದು. ಇದಕ್ಕೂ ಮೊದಲು ಮುಟ್ಟು ಏಕೆ ಹೆಚ್ಚು ಎಂದು ಒಮ್ಮೆ ಸ್ಕ್ಯಾನಿಂಗ್ ಮಾಡಿಸಿ, ಕಬ್ಬಿಣಾಂಶದ ಮಾತ್ರೆಯನ್ನು ಇಂದಿನಿಂದಲೇ ಶುರು ಮಾಡಿ. ಹಣದ ಕಾರಣಕ್ಕೆ ಕಾಪರ್-ಟಿಯೇ ಆಗಬೇಕೆಂದರೂ ಅದು ನಿಷಿದ್ಧವಲ್ಲ, ಹಿಮೋಗ್ಲೋಬಿನ್ ಏರಿಸಿಕೊಂಡು ಹಾಕಿಸಿಕೊಳ್ಳಿ.

ತುರ್ತು ಮಾತ್ರೆಯಿಂದ ನಿಮಗೆ ಬಂಜೆತನ ಬಂದಿಲ್ಲ, ಆ ಚಿಂತೆ ಬಿಡಿ. ಆದರೆ ಅದು ಪ್ರತಿಸಲದ ಉಪಾಯವಲ್ಲ. ವಿಫಲವಾಗುವ ಸಂಭವ ಪ್ರತಿಸಲವೂ ಇರುತ್ತದೆ. ರಕ್ಷಣೆಯಿಲ್ಲದ ಸಂಭೋಗವಾಗಿ ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಂಡರೆ ಅದೇ ತುರ್ತು ಗರ್ಭನಿರೋಧಕವಾಗಿ ಶೇ. 99ಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ, ಮಾತ್ರೆಗಿಂತ ಎಷ್ಟೋ ಖಚಿತವಾಗಿ. ಇದು ತಿಳಿದಿರುವವರು ಬಹಳ ಕಡಿಮೆ. ಅಂಥ ಸಂದರ್ಭದಲ್ಲಿ ಆಸ್ಪತ್ರೆಗೆ ಹೋದರೆ ‘ಇಂದಿಗೆ ಇಷ್ಟನೆಯ ದಿನ’ ಎಂದು ಮೊದಲೇ ಹೇಳಿ, ಮುಂದಿನ ವಾರಕ್ಕೆ ಹಾಕಬೇಡಿ ಎನ್ನಿ.

ಹಾರ್ಮೋನ್ ಸಾಧನ ಹಾಕಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳು ಆಗಾಗ ರಕ್ತ ಕಾಣಿಸಿಕೊಳ್ಳುತ್ತದೆ, ಜಾರುವ ಸಂಭವವೂ ಆಗಲೇ ಹೆಚ್ಚು. ಆದ್ದರಿಂದ ನಿಮ್ಮವರ ರಜೆಯ ದಿನ ಗೊತ್ತಾದ ಕೂಡಲೇ ಅದಕ್ಕಿಂತ ಕನಿಷ್ಠ ಮೂರು ತಿಂಗಳು ಹಿಂದಕ್ಕೆ ಎಣಿಸಿ, ಮುಟ್ಟು ಶುರುವಾಗಿ ಏಳು ದಿನದೊಳಗಿನ ಒಂದು ದಿನ ಹಾಕಿಸಿಕೊಳ್ಳಿ. ಅವರು ಬಂದಿಳಿಯುವ ಹೊತ್ತಿಗೆ ಮರುಪರೀಕ್ಷೆಯೂ ಮುಗಿದಿರುತ್ತದೆ, ದಾರ ತನ್ನ ಜಾಗದಲ್ಲಿದೆಯೆಂದು ನಿಮಗೂ ಗೊತ್ತಿರುತ್ತದೆ.